ಭಿಶಿ ದುಡ್ಡಿನಲ್ಲಿ ವಿಯೆಟ್ನಾಂ

ಡೊಂಬಿವಲಿಯಿಂದ ಮುಂಬೈಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಹೋಗುವ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ನಮ್ಮದೊಂದು ಭಿಶಿ ಇದೆ. ಲೇಡೀಸ್ ಡಬ್ಬಿಯ ಹನ್ನೆರಡು ಹೆಂಗಸರು, ತಿಂಗಳಿಗೆ ತಲಾ 5,000. ಊರ ಕಡೆ ಇದನ್ನೇ ಚೀಟಿ ಅನ್ನುತ್ತಾರೆ, ಆದರೆ ನಮ್ಮದರಲ್ಲಿ ಹರಾಜೂ ಇಲ್ಲ, ಕಮಿಷನ್ನೂ ಇಲ್ಲ. ತಿಂಗಳ ಮೊದಲ ಸೋಮವಾರ ದಾದರ್‌ನಲ್ಲಿ ಜನ ಇಳಿದು ಕೈ ಆಡಿಸುವಷ್ಟು ಜಾಗ ಆದಮೇಲೆ, ಯಾರದೋ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಹೆಸರು ಬರೆದ ಚೀಟಿಗಳನ್ನು ಹಾಕಿ ಕುಲುಕುತ್ತೇವೆ. 2024ರ ಸೆಪ್ಟೆಂಬರ್‌ನಲ್ಲಿ ನನ್ನ ಹೆಸರು ಬಂತು. 60,000 ರೂಪಾಯಿ.

ಒಬ್ಬರು ಫ್ರಿಜ್ ತಗೊಂಡಿದ್ದರು, ಇನ್ನೊಬ್ಬರು ಮಗನ ಫೀಸು ಕಟ್ಟಿದ್ದರು. ನಾನು ವಿಯೆಟ್ನಾಂಗೆ ಹೋಗ್ತೇನೆ ಅಂದೆ. ಮೂವತ್ತೆಂಟು ವರ್ಷಕ್ಕೆ ಮೊದಲ ಸಲ ದೇಶ ಬಿಟ್ಟು ಹೊರಗೆ. ಜೊತೆಗೆ ಬರುತ್ತೇವೆ ಅಂದಿದ್ದ ಇಬ್ಬರು ಗೆಳತಿಯರು ದೀಪಾವಳಿಯೊಳಗೆ ಮೆಲ್ಲಗೆ ಜಾರಿಕೊಂಡರು. ಕುಂದಾಪುರದಿಂದ ಅಮ್ಮನ ಫೋನು: "ಒಬ್ಳೇ ಹೋಪುದಾ? ಎಂತಕ್ಕೆ ಮಾರಾಯ್ತಿ?"

ಎಂತಕ್ಕೆ ಅಂತ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, 60,000 ದಾಟಬಾರದು.

ಮೊದಲು ಪ್ಯಾಕೇಜ್ ಟೂರ್ ವಿಚಾರಿಸಿದೆ. ಒಬ್ಬರೇ ಬಂದರೆ ರೂಮಿನ ಪೂರ್ತಿ ಬಾಡಿಗೆ ನೀವೇ ಕೊಡಬೇಕು ಅಂದರು. ಅದರ ಮೇಲೆ ಆಗ ವಿದೇಶ ಪ್ಯಾಕೇಜಿಗೆ ಮೊದಲ ರೂಪಾಯಿಯಿಂದಲೇ ಶೇ. 5 ಟಿಸಿಎಸ್ (ಟೂರ್‌ನವರು ನಮ್ಮಿಂದ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯುತ್ತಿದ್ದರು. ನಾನು ಅಕೌಂಟ್ಸ್ ಕೆಲಸದವಳು, ರಿಟರ್ನ್ ಹಾಕಿದರೆ ಅದು ವಾಪಸ್ ಬರುತ್ತದೆ ಅಂತ ಗೊತ್ತು. ಆದರೆ ಬರುವತನಕ ನನ್ನ ದುಡ್ಡು ಅಲ್ಲಿ ಕೂತಿರಬೇಕಲ್ಲ! ವಿಮಾನ, ಹಾಸಿಗೆ, ರೈಲು ಅಂತ ಬಿಡಿಬಿಡಿಯಾಗಿ ನಾನೇ ಕೊಂಡರೆ ಆ ರಗಳೆಯೇ ಇಲ್ಲ.

ಹೋಗಿ ಬಂದ ಮೇಲೆ ನನ್ನ ಲೆಕ್ಕದ ಡೈರಿ ನೋಡಿದಾಗ ಕಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಊಟಕ್ಕೂ ಮಲಗುವುದಕ್ಕೂ ನನ್ನ ದುಡ್ಡು ಅಷ್ಟೇನೂ ಹೋಗಲಿಲ್ಲ. ಸೋರಿದ್ದು ಸಂದಿಗಳಲ್ಲಿ. ವಿಮಾನ ನಿಲ್ದಾಣಕ್ಕೂ ಊರಿಗೂ ನಡುವಿನ ಸಂದಿ, ರೂಪಾಯಿಗೂ ಅವರ ಹಣ ಡಾಂಗ್‌ಗೂ ನಡುವಿನ ಸಂದಿ, ಮತ್ತೆ ನನ್ನ ಅವಸರ. ಕೆಲವನ್ನು ಮುಚ್ಚಿದೆ, ಕೆಲವು ಕಡೆ ಬಿದ್ದೆ.

ಮೊದಲ ಬಾರಿ ಬಿದ್ದದ್ದು ಮನೆಯಲ್ಲೇ ಕೂತು. ವಿಯೆಟ್ನಾಂ ಇ-ವೀಸಾ ಒಂದು ಸಲದ ಪ್ರವೇಶಕ್ಕೆ 25 ಡಾಲರ್. ಸರ್ಕಾರಿ ವೆಬ್‌ಸೈಟ್ ವಿಳಾಸದ ಕೊನೆಯಲ್ಲಿ 'ಜಿಒವಿ ಡಾಟ್ ವಿಎನ್' ಇರುತ್ತದೆ. ಅದನ್ನೇ ಹೋಲುವ ಏಜೆಂಟರ ಸೈಟುಗಳು ಎರಡರಷ್ಟು, ಮೂರರಷ್ಟು ಕೇಳುತ್ತವೆ. ಅಲ್ಲಿ ಮೋಸ ಹೋಗಲಿಲ್ಲ, ಆದರೆ ಆಫೀಸಿನ ಊಟದ ಬಿಡುವಿನಲ್ಲಿ ಫಾರ್ಮ್ ತುಂಬಿದೆ. ಪಾಸ್‌ಪೋರ್ಟಿನ ಎರಡು ಅಂಕಿ ಹಿಂದುಮುಂದಾಯಿತು. ದುಡ್ಡು ಕಟ್ಟಿದ ಮೇಲೆ ತಿದ್ದುವ ಹಾಗಿಲ್ಲ, ವಾಪಸ್ಸೂ ಇಲ್ಲ. ಮತ್ತೆ ಹೊಸದಾಗಿ ಹಾಕುವಷ್ಟರಲ್ಲಿ ಅವರ ಹೊಸ ವರ್ಷ ಬಂತು. ಟೆಟ್ ಹಬ್ಬ, 2025ರಲ್ಲಿ ಅದು ಜನವರಿ 29ಕ್ಕೆ. ನಮ್ಮ ಗಣಪತಿ ಹಬ್ಬಕ್ಕೆ ಮುಂಬೈ ಖಾಲಿಯಾಗಿ ಕೊಂಕಣದ ರೈಲು ತುಂಬುತ್ತಲ್ಲ, ಹಾಗೇ ಅವರೆಲ್ಲ ಊರಿಗೆ. ಕಚೇರಿಗಳು ಬಂದ್. ವೀಸಾ ಬಂದದ್ದು ಫೆಬ್ರವರಿ 7ಕ್ಕೆ, ಅಷ್ಟು ದಿನ ಸರಿಯಾಗಿ ನಿದ್ದೆ ಇಲ್ಲ. ಎರಡೂ ಸೇರಿ 4,500 ರೂಪಾಯಿ. ಅದರಲ್ಲಿ ಅರ್ಧ ನನ್ನ ಅವಸರದ ದಂಡ.

ಟಿಕೆಟ್ಟನ್ನು ಅಕ್ಟೋಬರ್‌ನಲ್ಲೇ ಮಾಡಿದ್ದೆ. ಮುಂಬೈಯಿಂದ ಅವರ ರಾಜಧಾನಿ ಹನೋಯ್‌ಗೆ ನೇರ ವಿಮಾನ, ಹೋಗಿ ಬರಲು 21,300. ಆ ಬೆಲೆಗೆ ಕೈಯಲ್ಲಿ ಒಯ್ಯುವ ಏಳು ಕಿಲೋ ಮಾತ್ರ. ಗೇಟಿನಲ್ಲೂ ತೂಕ ಹಾಕುತ್ತಾರೆ ಅಂತ ಕೇಳಿದ್ದೆ. ಮನೆಯಲ್ಲಿ ತಕ್ಕಡಿ ಇಲ್ಲ, ಬ್ಯಾಗ್ ಹೊತ್ತುಕೊಂಡು ನಮ್ಮ ಗಲ್ಲಿಯ ರದ್ದಿವಾಲಾನ ಹತ್ತಿರ ಹೋದೆ. ಹಳೇ ಪೇಪರ್ ತೂಗುವ ಕೊಕ್ಕೆಗೆ ನೇತುಹಾಕಿ "ಏಳೂಮುಕ್ಕಾಲು" ಅಂದ. ಅಲ್ಲೇ ಫುಟ್‌ಪಾತ್ ಮೇಲೆ ಬ್ಯಾಗ್ ಬಿಚ್ಚಿದೆ. ಎರಡನೇ ಜೊತೆ ಚಪ್ಪಲಿ ಹೊರಗೆ, ಶಾಂಪೂ ಬಾಟಲಿ ಹೊರಗೆ, ಒಂದು ಜೀನ್ಸ್ ಹೊರಗೆ. ಅಮ್ಮ ಕಳಿಸಿದ್ದ ಚಟ್ನಿಪುಡಿ ಮಾತ್ರ ಒಳಗೇ ಉಳಿಯಿತು. ಆರೂವರೆಗೆ ಇಳಿಯಿತು. ಸ್ವೆಟರ್, ಜಾಕೆಟ್ ಮೈಮೇಲೆ. ಫೆಬ್ರವರಿಯಲ್ಲಿ ಹನೋಯ್ ಚಳಿ, ಜಿಟಿಜಿಟಿ ಮಳೆ, ಎರಡೂ ಬೇಕೇ ಆದವು. ಡೊಂಬಿವಲಿಯಲ್ಲಿ ಅವನ್ನು ಹಾಕಿಕೊಂಡು ಲೋಕಲ್ ಹತ್ತಿದಾಗ ಮಾತ್ರ ಜನ ಒಂಥರಾ ನೋಡಿದರು.

ಹೌದು, ಏರ್‌ಪೋರ್ಟಿಗೂ ಲೋಕಲ್‌ನಲ್ಲೇ ಹೋದೆ. ಘಾಟ್‌ಕೋಪರ್‌ನಲ್ಲಿ ಇಳಿದು ಮೆಟ್ರೋ, ಮರೋಳ್ ನಾಕಾದಲ್ಲಿ ಮೂರನೇ ಲೈನಿಗೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಏರ್‌ಪೋರ್ಟಿನ ಟಿ2 ಟರ್ಮಿನಲ್. ಆ ಲೈನ್ ಶುರುವಾಗಿ ಐದು ತಿಂಗಳೂ ಆಗಿರಲಿಲ್ಲ. ಟ್ಯಾಕ್ಸಿಗೆ ಸಾವಿರ ಹತ್ತಿರ ಆಗುವ ಕಡೆ ನೂರರ ನೋಟಿನಲ್ಲಿ ಚಿಲ್ಲರೆ ಉಳಿಯಿತು.

ಹೊರಡುವ ಮೊದಲೇ ಡಾಲರ್‌ಗಾಗಿ ಮುಂಬೈಯ ಫೋರ್ಟ್‌ನಲ್ಲಿ ನಾಲ್ಕು ಅಂಗಡಿ ಅಲೆದಿದ್ದೆ. ಒಂದಕ್ಕೂ ಇನ್ನೊಂದಕ್ಕೂ ಡಾಲರಿಗೆ ಒಂದೂವರೆ ರೂಪಾಯಿ ವ್ಯತ್ಯಾಸ. ಮಡಿಕೆ ಬೀಳದ ನೂರರ ನೋಟು ಕೇಳಿ ತಗೊಳ್ಳಿ, ಹರಿದ, ಗೀಚಿದ ನೋಟಿಗೆ ಅಲ್ಲಿ ಮೂಗು ಮುರಿಯುತ್ತಾರೆ.

ವಿಮಾನ ಇಳಿದಾಗ ಅಲ್ಲಿ ಬೆಳಗಿನ ಜಾವ, ಇನ್ನೂ ಕತ್ತಲು. ನಮಗಿಂತ ಒಂದೂವರೆ ಗಂಟೆ ಮುಂದೆ ಅವರು. ಹೊರಗೆ ಟ್ಯಾಕ್ಸಿಯವರು ಸುತ್ತುಗಟ್ಟಿದರು. ನಾನು ವಾಪಸ್ ಒಳಗೆ ಹೋಗಿ ಕುರ್ಚಿಯಲ್ಲಿ ಕೂತು ಅವಲಕ್ಕಿ ತಿಂದೆ. ಅಗ್ಗದ ಟಿಕೆಟ್ಟು ಯಾಕೆ ಅಗ್ಗ ಅಂದರೆ ಇಂಥ ಹೊತ್ತಿಗೆ ಇಳಿಸುತ್ತಾರೆ ಅಂತ. ಆಗ ಟ್ಯಾಕ್ಸಿ ಹತ್ತಿದರೆ ಉಳಿಸಿದ್ದೆಲ್ಲ ಅಲ್ಲೇ ಹೋಗುತ್ತದೆ. ಹಾಸ್ಟೆಲ್ ಬಾಗಿಲು ತಟ್ಟಿದರೂ ಅಷ್ಟು ಬೇಗ ಹಾಸಿಗೆ ಸಿಗುವುದಿಲ್ಲ. ಬೆಳಕಾದ ಮೇಲೆ 86ನೇ ನಂಬರಿನ ಕೇಸರಿ ಬಣ್ಣದ ಬಸ್ಸು. ಊರೊಳಗಿನ ರೈಲ್ವೇ ಸ್ಟೇಷನ್‌ತನಕ 45,000 ಡಾಂಗ್.

ಈ ಸೊನ್ನೆಗಳಿಗೆ ತಲೆ ತಿರುಗುತ್ತದೆ. ನಾನು ಹೋದಾಗ ಲೆಕ್ಕ ಸುಲಭವಿತ್ತು, 30,000 ಅಂದರೆ 100 ರೂಪಾಯಿ. ಬಸ್ಸಿಗೆ 150 ಆಯಿತು. ಹೆಂಗಸರದ್ದೇ ಡಾರ್ಮ್‌ನಲ್ಲಿ ಹಾಸಿಗೆಗೆ ದಿನಕ್ಕೆ ಸುಮಾರು 600. ಊಟ ಬೀದಿ ಬದಿಯ ಮೋಟು ಸ್ಟೂಲಿನ ಮೇಲೆ. ನಾವು ಮೀನು ತಿನ್ನುವವರು, ನನಗೆ ತೊಂದರೆ ಆಗಲಿಲ್ಲ. ಸಸ್ಯಾಹಾರಿಗಳು ಕಲಿಯಬೇಕಾದ್ದು ಒಂದೇ ಮಾತು, 'ಚಯ್'. ಅಂದರೆ ಸಸ್ಯಾಹಾರ. ಹನೋಯ್‌ನಲ್ಲಿ ಟೀಗೆ 'ಚಾ' ಅನ್ನುತ್ತಾರೆ. ಮುಂಬೈ ಅಭ್ಯಾಸದಲ್ಲಿ ನಾನು 'ಚಾಯ್' ಅಂದಾಗ ಒಬ್ಬಾಕೆ ಸೋಯಾ ಪನೀರಿನಂಥ ತೋಫು ತಂದಿಟ್ಟಳು. ತಿಂದೆ, ಏನು ಮಾಡೋದು.

ಹನೋಯ್‌ನಲ್ಲಿ ಮೂರು ರಾತ್ರಿ ಇದ್ದು ಮಧ್ಯ ವಿಯೆಟ್ನಾಂನ ದಾ ನಾಂಗ್‌ಗೆ ರೈಲು ಹಿಡಿದೆ. 791 ಕಿಲೋಮೀಟರ್, ಹದಿನಾರು ಗಂಟೆ ಮೇಲಾಯಿತು. ಆರು ಬರ್ತಿನ ಕೋಣೆ, ನಮ್ಮ ಥ್ರೀ ಟಯರ್ ಹಾಗೇ ಮೂರು ಅಂತಸ್ತು, ಆದರೆ ಬಾಗಿಲಿದೆ. ಅಲ್ಲಿ ಮೇಲೆ ಹೋದಂತೆ ಬೆಲೆ ಇಳಿಯುತ್ತದೆ. ನಾನು ತುದಿಯ ಬರ್ತ್ ತಗೊಂಡೆ, 2,600 ರೂಪಾಯಿ. ಒಂದು ರಾತ್ರಿಯ ಹಾಸಿಗೆ ಖರ್ಚೂ ಅದರಲ್ಲೇ ಸೇರಿತು ಅಂತ ಖುಷಿಪಟ್ಟೆ. ಹತ್ತಿದ ಮೇಲೆ ಗೊತ್ತಾಯಿತು ಅದು ಯಾಕೆ ಅಗ್ಗ ಅಂತ. ಸೂರು ಮೂಗಿನ ಮೇಲೇ ಇದೆ, ಎದ್ದು ಕೂರುವುದಕ್ಕಾಗದು, ಕಿಟಕಿ ಕಾಣದು. ಚಟ್ನಿಪುಡಿ ಹಚ್ಚಿದ ಬ್ರೆಡ್ಡನ್ನು ಮಲಗಿಕೊಂಡೇ ತಿಂದೆ. ಕೆಳಗಿನ ಬರ್ತಿನ ಅಜ್ಜಿ ಬೆಳಿಗ್ಗೆ ನನ್ನ ಕಾಲು ತಟ್ಟಿ ಎಬ್ಬಿಸಿ ಕಿಟಕಿ ಕಡೆ ಕೈ ತೋರಿಸಿದರು. ಹಾಯ್ ವಾನ್ ಘಾಟಿ ಶುರುವಾಗಿತ್ತು. ಒಂದು ಕಡೆ ಕಾಡು, ಇನ್ನೊಂದು ಕಡೆ ಕೆಳಗೆ ನೀಲಿ ಸಮುದ್ರ. ತಮ್ಮ ಹಾಸಿಗೆ ಸುತ್ತಿಟ್ಟು ಪಕ್ಕದಲ್ಲಿ ಜಾಗ ಕೊಟ್ಟರು. ಮಾತಿಲ್ಲ, ಕಥೆಯಿಲ್ಲ, ಇಬ್ಬರೂ ಸುಮ್ನೆ ಕೂತು ನೋಡಿದೆವು. ಮೂರು ದಿನ ಬಿಟ್ಟು ಹ್ಯೂಗೆ ಹೋಗುವಾಗ ಅದೇ ಘಾಟಿಗೆ ಬಲಗಡೆ ಕಿಟಕಿಯ ಸೀಟನ್ನೇ ಕೇಳಿ ತಗೊಂಡೆ. ಉತ್ತರಕ್ಕೆ ಹೋಗುವಾಗ ಸಮುದ್ರ ಬಲಕ್ಕೆ.

ದಾ ನಾಂಗ್ ಹತ್ತಿರದ ಹೋಯ್ ಆನ್‌ನಲ್ಲಿ ಎರಡನೇ ಬಾರಿ ಬಿದ್ದೆ. ಅಲ್ಲಿ ಹಳೇ ಜಪಾನೀ ಸೇತುವೆ ಇದೆ, ಮೇಲೆ ಮಾಡು ಹೊದಿಸಿದ್ದು. ಅದರ ಹತ್ತಿರ ಸಂಜೆ ಗಾಡಿಯವಳ ಬಳಿ ಒಂದು ಬನ್ ಕೊಂಡು 20,000ದ ನೋಟು ಕೊಟ್ಟೆ. ಅವಳು ನೋಟು ಜೇಬಿಗಿಳಿಸಿ ಮುಂದಿನವರ ಕಡೆ ತಿರುಗಿದಳು. ರಾತ್ರಿ ಡೈರಿ ಬರೆಯುವಾಗ ಲೆಕ್ಕ ಕೂಡಲಿಲ್ಲ. ಮೂರು ಸಲ ಎಣಿಸಿದೆ. ನಾನು ಕೊಟ್ಟದ್ದು 5 ಲಕ್ಷದ ನೋಟು. ಎರಡೂ ನೀಲಿ, ಎರಡೂ ಪ್ಲಾಸ್ಟಿಕ್, ಎರಡರ ಮೇಲೂ ಅವರ ನಾಯಕ ಹೋ ಚಿ ಮಿನ್ ಮುಖ. 1,600 ರೂಪಾಯಿ ಹೋಯಿತು. ಅವಳು ನೋಡಿ ಇಟ್ಟುಕೊಂಡಳೋ, ನೋಡದೆಯೋ, ದೀಪದ ಮಬ್ಬಿನಲ್ಲಿ ಯಾರಿಗೆ ಗೊತ್ತು. ತಮಾಷೆ ಏನು ಗೊತ್ತಾ, 20,000ದ ನೋಟಿನ ಹಿಂದೆ ಅಚ್ಚಾಗಿರುವುದು ಅದೇ ಸೇತುವೆ. ಅದರ ಎದುರೇ ನಿಂತು ಅದಿಲ್ಲದ ನೋಟು ಕೊಟ್ಟೆ! ಮರುದಿನದಿಂದ 5 ಲಕ್ಷದ ನೋಟುಗಳು ಪಾಸ್‌ಪೋರ್ಟ್ ಜೊತೆ ಸೊಂಟದ ಚೀಲಕ್ಕೆ. ಪರ್ಸಿನಲ್ಲಿ ಬರೀ ಚಿಲ್ಲರೆ. ಯಾರೇ ಹೋದರೂ ಮೊದಲ ದಿನವೇ ಹೀಗೆ ಮಾಡಿ.

ಮರುದಿನ ಅಂದರೆ ಫೆಬ್ರವರಿ 26, ಶಿವರಾತ್ರಿ. ಅಮ್ಮ ನನ್ನನ್ನು ಕಳಿಸಿಕೊಟ್ಟದ್ದೇ ಒಂದು ಶರತ್ತಿನ ಮೇಲೆ, ಆ ದಿನ ಮೀನು ಮುಟ್ಟಬಾರದು. ನಾನು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ ಆ ದಿನವನ್ನೇ ಮಿ ಸೋನ್‌ಗೆ ಇಟ್ಟಿದ್ದೆ. ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್, ಬೆಟ್ಟಗಳ ನಡುವಿನ ಬೋಗುಣಿಯಂಥ ಜಾಗ. ಹಿಂದೆ ಇಲ್ಲಿ ಆಳಿದ ಚಂಪಾ ರಾಜರ ಶಿವಾಲಯಗಳು. ನಾಲ್ಕನೇ ಶತಮಾನದಲ್ಲಿ ಭದ್ರವರ್ಮ ಎಂಬ ರಾಜ ಇಲ್ಲಿ ಭದ್ರೇಶ್ವರನನ್ನು ಸ್ಥಾಪಿಸಿದ. ಕೆಂಪು ಇಟ್ಟಿಗೆಯ ಗೋಪುರಗಳು, ಇಟ್ಟಿಗೆ ನಡುವೆ ಗಾರೆ ಕಾಣುವುದೇ ಇಲ್ಲ. ಸಂಸ್ಕೃತದ ಶಾಸನಗಳಿವೆ. 1969ರಲ್ಲಿ ಅಮೆರಿಕದ ಬಾಂಬಿಗೆ ದೊಡ್ಡ ಗುಡಿಯೇ ಉರುಳಿತು. ಬಾಂಬು ಬಿದ್ದ ಹೊಂಡಗಳಲ್ಲಿ ಈಗ ಹುಲ್ಲು ಬೆಳೆದಿದೆ. ನಮ್ಮ ಪುರಾತತ್ವ ಇಲಾಖೆಯವರು ಹೋಗಿ ಕೆಲವು ಗುಡಿಗಳನ್ನು ಸರಿಪಡಿಸಿದ್ದಾರೆ. 2020ರಲ್ಲಿ ಆ ಕೆಲಸದ ನಡುವೆಯೇ ಒಂದೇ ಕಲ್ಲಿನ ದೊಡ್ಡ ಲಿಂಗ ಮಣ್ಣಿನಡಿ ಸಿಕ್ಕಿತು.

ಒಳಗೆ ಹೋಗಲು 1,50,000 ಡಾಂಗ್, ಅಂದರೆ 500 ರೂಪಾಯಿ. ಬಸ್ಸಿನ ದುಡ್ಡು ಬೇರೆ. ಈ ಒಂದು ದಿನ ನಾನು ಲೆಕ್ಕ ನೋಡಲಿಲ್ಲ. ಅಮ್ಮನಿಗೆ ವಿಡಿಯೋ ಕಾಲ್ ಹಚ್ಚಿದೆ. ಅಲ್ಲಿ ಅವಳ ಹಿಂದೆ ದೇವಸ್ಥಾನದ ಮೈಕು. ಇಲ್ಲಿ ಹುಳುಗಳ ಕಿರ್ರ್ ಶಬ್ದ, ಪಾಣಿಪೀಠದ ಮೇಲೆ ಪಾಚಿ. ಅವಳು ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

"ದೀಪ ಇಲ್ಯಾ?"

"ಇಲ್ಲಮ್ಮ. ಪೂಜೆ ನಿಂತು ನೂರಾರು ವರ್ಷ ಆಯ್ತಂತೆ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ "ನಿನ್ನ ಬಾಟ್ಲಿಯಲ್ಲಿ ನೀರಿತ್ತಾ?" ಅಂದಳು. ಕಾವಲುಗಾರ ಪಕ್ಕದಲ್ಲೇ ಇದ್ದ, ಮುಟ್ಟುವ ಹಾಗಿಲ್ಲ. ಬಾಟಲಿಯ ನೀರನ್ನು ಹೊರಗೆ ಒಂದು ಗಿಡದ ಬುಡಕ್ಕೆ ಹಾಕಿದೆ. ಅಷ್ಟು ಸಾಕು ಅಂದಳು ಅಮ್ಮ. ಸಂಜೆ ಹೋಯ್ ಆನ್‌ನಲ್ಲಿ 'ಚಯ್' ಬೋರ್ಡು ಹುಡುಕಿ ಅನ್ನ, ಸೊಪ್ಪು, ತೋಫು ತಿಂದು ಉಪವಾಸ ಬಿಟ್ಟೆ. ಎಪ್ಪತ್ತು ರೂಪಾಯಿ.

ಹ್ಯೂದಲ್ಲಿ ಎರಡು ರಾತ್ರಿ. ಕೋಟೆ, ಅರಮನೆ, ಮಳೆ. ಅದರ ಬಗ್ಗೆ ಹೇಳಲು ನನ್ನ ಹತ್ತಿರ ಹೆಚ್ಚೇನಿಲ್ಲ, ಜ್ವರ ಬಂದು ಅರ್ಧ ಹೊತ್ತು ಮಲಗಿದ್ದೆ. ಒಬ್ಬರೇ ಹೋಗುವುದರ ನಿಜವಾದ ಕಷ್ಟ ಅದು ನೋಡಿ, ಬಿಸಿನೀರು ತಂದುಕೊಡಲು ಯಾರೂ ಇಲ್ಲ. 650 ರೂಪಾಯಿಯ ಇನ್ಶೂರೆನ್ಸ್ ಕಾಗದ ದಿಂಬಿನಡಿ ಇಟ್ಟುಕೊಂಡು ಕ್ರೋಸಿನ್ ನುಂಗಿದೆ. ಬೆಳಿಗ್ಗೆ ಇಳಿಯಿತು. ವಾಪಸ್ ಹನೋಯ್‌ಗೆ ರಾತ್ರಿ ರೈಲಿನಲ್ಲಿ ಮಧ್ಯದ ಬರ್ತ್ ತಗೊಂಡೆ. ಜಾಸ್ತಿ ಕೊಟ್ಟದ್ದಕ್ಕೆ ಬೇಜಾರಾಗಲಿಲ್ಲ.

ಹೆದರಿಕೆ ಆಗಲಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ರಸ್ತೆ ದಾಟುವಾಗ ಆಯಿತು. ಸ್ಕೂಟರುಗಳು ನಿಲ್ಲುವುದೇ ಇಲ್ಲ, ನೀವು ನಿಧಾನಕ್ಕೆ ನಡೆಯುತ್ತಾ ಹೋದರೆ ಅವೇ ಸುತ್ತಿಕೊಂಡು ಹೋಗುತ್ತವೆ. ಓಡಿದರೆ ಕೆಟ್ಟಿತು. ಹೋಗುವಾಗಿನ ಆ ವಿಮಾನ ಬಿಟ್ಟರೆ, ಕತ್ತಲಲ್ಲಿ ಹೊಸ ಊರಿಗೆ ಇಳಿಯುವ ಟಿಕೆಟ್ ನಾನು ಮಾಡಲಿಲ್ಲ, ಅಗ್ಗವಿದ್ದರೂ.

ಮಾರ್ಚ್ 2ರ ಭಾನುವಾರ ರಾತ್ರಿ ಮುಂಬೈ. ಆ ಹೊತ್ತಿನಲ್ಲಿ ಮೆಟ್ರೋ ಇಲ್ಲ, ಟ್ಯಾಕ್ಸಿಗೆ 1,100 ತೆತ್ತೆ. ಡೈರಿಯ ಕೊನೆಯ ಸಾಲು ಅದೇ. ಒಟ್ಟು 54,350.

ಮಾರನೇ ದಿನ ತಿಂಗಳ ಮೊದಲ ಸೋಮವಾರ. ಉಳಿದ 5,650ರಲ್ಲಿ ಆ ತಿಂಗಳ ಕಂತು ಕೊಟ್ಟೆ. ದಾದರ್ ದಾಟಿದ ಮೇಲೆ ಹ್ಯೂದಿಂದ ತಂದ ಮೆ ಸುಂಗ್ ಪೊಟ್ಟಣ ಬಿಚ್ಚಿದೆ, ಎಳ್ಳು, ಶೇಂಗಾ ಹಾಕಿದ ಸಿಹಿ. ನಮ್ಮ ಭಿಶಿಯ ಹಿರಿಯಾಕೆ ಒಂದು ತುಂಡು ಬಾಯಿಗೆ ಹಾಕಿ, ಅಗಿದು, ನನ್ನ ಮುಖ ನೋಡಿದರು.

"ಇದು ಲೋಣಾವಳ ಚಿಕ್ಕಿಯಲ್ವಾ? ಸ್ವಲ್ಪ ಮೆತ್ತಗಾಗಿದೆ ಅಷ್ಟೇ."

ಮುಚ್ಚಳ ಕುಲುಕಲು ಶುರುವಾಗಿತ್ತು. ಚಿಕ್ಕಿ ಅಂಟಿದ ಕೈಯಲ್ಲೇ ಚೀಟಿ ಎತ್ತಿದರು.