ಗಾಂಧಾರಿ ಹೆಸರಿನ ಪ್ಲೇಟುಗಳು: ಹಳೆಯ ರೆಕಾರ್ಡಿಂಗ್‌ಗಳ ಸಂಕಲನ ಮಾಡುವುದು ಹೇಗೆ

ಗಂಗೂಬಾಯಿ ಹಾನಗಲ್ ಅಂದ ಕೂಡಲೇ ನೆನಪಿಗೆ ಬರುವುದು ಆ ಗಡಸಾದ, ತುಂಬು ದನಿ. ಆದರೆ 1930ರ ದಶಕದಲ್ಲಿ ಎಚ್‌ಎಂವಿ ಕಂಪನಿ ಅವರ ಗ್ರಾಮಫೋನ್ ಪ್ಲೇಟುಗಳನ್ನು ತಂದಾಗ ಲೇಬಲ್ ಮೇಲೆ ಇದ್ದ ಹೆಸರು ಗಾಂಧಾರಿ, ಊರು ಹುಬ್ಬಳ್ಳಿ. ದನಿಯೂ ತೆಳು, ಶ್ರುತಿ ಮೇಲೆ. ಮುಂದೆ ಗಂಟಲಿನ ತೊಂದರೆ, ಅದರ ಚಿಕಿತ್ಸೆ ಎಲ್ಲ ಆದಮೇಲೆ ದನಿ ಇಳಿಯಿತು. ಇಂಥ ಮೊದಲ ದಿನಗಳ ಹಾಡುಗಳನ್ನು ಒಟ್ಟುಮಾಡುವವರಿಗೆ ಕೆಲವು ಮಾತು.

ಮೊದಲು ಪಟ್ಟಿ. ಗಂಗೂಬಾಯಿ ಅಂತ ಮಾತ್ರ ಹುಡುಕಿದರೆ ಅರ್ಧ ಸಿಗುವುದಿಲ್ಲ. ಗಾಂಧಾರಿ ಅಂತಲೂ ಹುಡುಕಿ, ಇಂಗ್ಲಿಷ್ ಕಾಗುಣಿತ ಬದಲಾಯಿಸಿ ಹುಡುಕಿ, ಗಾಯಕ ಜಿ.ಎನ್. ಜೋಶಿ ಅವರ ಹೆಸರಿನಲ್ಲೂ ಹುಡುಕಿ, ಯಾಕೆಂದರೆ ಅವರ ಜೊತೆ ಮರಾಠಿ ಭಾವಗೀತೆ ಹಾಡಿದ ಪ್ಲೇಟುಗಳಿವೆ. ಲೇಬಲ್ ಪಕ್ಕದ ಖಾಲಿ ಜಾಗದಲ್ಲಿ ಒತ್ತಿರುವ ಮ್ಯಾಟ್ರಿಕ್ಸ್ ನಂಬರನ್ನು (ಆ ರೆಕಾರ್ಡಿಂಗ್‌ನ ಗುರುತಿನ ನಂಬರು) ತಪ್ಪದೆ ಬರೆದುಕೊಳ್ಳಿ. ಅದೇ ಹಾಡು ಬೇರೆ ಕ್ಯಾಟಲಾಗ್ ನಂಬರಿನಲ್ಲಿ ಮತ್ತೆ ಬಂದಿದ್ದರೆ ಗೊತ್ತಾಗುವುದು ಇದರಿಂದಲೇ. ಮುಂಬೈಯಲ್ಲಿ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಅಂತ ಸಂಗ್ರಾಹಕರ ಸಂಘ ಇದೆ. ಅವರು ಪ್ರಕಟಿಸಿದ ಪಟ್ಟಿಗಳನ್ನೂ ನೋಡಿ.

ಪ್ಲೇಟು ಸಿಕ್ಕಿತು ಅಂತ ಸ್ಪಿರಿಟ್ ಹಾಕಿ ಒರೆಸಬೇಡಿ! ಇವು ಅರಗಿನ ಪ್ಲೇಟುಗಳು, ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ಡಿಸ್ಟಿಲ್ಡ್ ನೀರು, ಒಂದೆರಡು ಹನಿ ಮೆದು ಸೋಪು, ಮೆತ್ತನೆ ಬಟ್ಟೆ ಸಾಕು. ಲೇಬಲ್ ಒದ್ದೆ ಮಾಡಬೇಡಿ. ಎಲ್‌ಪಿ ಮುಳ್ಳು ಇಲ್ಲಿಗೆ ಆಗುವುದಿಲ್ಲ, ಅದು ಪ್ಲೇಟಿನ ಗೀರಿನ ತಳಕ್ಕೆ ಹೋಗಿ ಕೂತು ಬರೀ ಕೊಳೆಯ ಸದ್ದು ಎತ್ತುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಈ ಪ್ಲೇಟಿಗೆ ಸುಮಾರು 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು) ದಪ್ಪದ ಮುಳ್ಳು ಬೇಕು. ಕಂಪ್ಯೂಟರಿಗೆ ತೆಗೆಯುವಾಗ 24 ಬಿಟ್, 96 ಕಿಲೋಹರ್ಟ್ಜ್ ಇಡಿ. ಆ ಮೊದಲ ಫೈಲನ್ನು ಹಾಗೇ ಎತ್ತಿಡಿ, ಮುಂದಿನ ಕೆಲಸವೆಲ್ಲ ಅದರ ನಕಲಿನ ಮೇಲೆ.

ಈಗ ನಿಜವಾದ ತಲೆನೋವು: ವೇಗ. 78 ಅಂತ ಕರೆದರೂ ಎಲ್ಲ ಪ್ಲೇಟುಗಳೂ ಸರಿಯಾಗಿ 78ಕ್ಕೇ ರೆಕಾರ್ಡ್ ಆಗಿರಲಿಲ್ಲ. 78ಕ್ಕೆ ರೆಕಾರ್ಡ್ ಆದದ್ದನ್ನು 82.6ಕ್ಕೆ ತಿರುಗಿಸಿದರೆ ಶ್ರುತಿ ಹಾರ್ಮೋನಿಯಂನಲ್ಲಿ ಒಂದು ಮನೆ ಮೇಲೆ ಹೋಗುತ್ತದೆ. ಬೇರೆ ಗಾಯಕರ ವಿಷಯದಲ್ಲಿ ನಮಗೆ ಗೊತ್ತಿರುವ ದನಿಯನ್ನು ಇಟ್ಟುಕೊಂಡು ಅಂದಾಜು ಮಾಡಬಹುದು. ಇಲ್ಲಿ ಹಾಗೆ ಮಾಡಿದರೆ ಕೆಟ್ಟಿತು. ದನಿ ಯಾಕೋ ಚೂಪಾಗಿದೆ, ಪ್ಲೇಟು ಜೋರಾಗಿ ಓಡುತ್ತಿರಬೇಕು ಅಂತ ವೇಗ ತಗ್ಗಿಸುತ್ತಾ ಹೋದರೆ, ಇಪ್ಪತ್ತು ಚಿಲ್ಲರೆ ವಯಸ್ಸಿನ ಹುಡುಗಿಯನ್ನು ನೀವೇ ಐವತ್ತರ ಗಂಗೂಬಾಯಿ ಮಾಡಿಬಿಡುತ್ತೀರಿ, ಕೇಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ಆದ್ದರಿಂದ ದನಿ ಬಿಟ್ಟು ಪಕ್ಕವಾದ್ಯ ಕೇಳಿ. ಹಾರ್ಮೋನಿಯಂ ಇದ್ದರೆ ಷಡ್ಜ (ಸ) ಯಾವ ಮನೆಗೆ ಹತ್ತಿರ ಕೂರುತ್ತದೆ ನೋಡಿ. ಅದೂ ಪೂರ್ತಿ ಸಾಕ್ಷಿಯಲ್ಲ, ಎಲ್ಲ ಹಾರ್ಮೋನಿಯಂಗಳ ಶ್ರುತಿಯೂ ಒಂದೇ ಇರುವುದಿಲ್ಲ. ಒಂದೇ ದಿನ ರೆಕಾರ್ಡ್ ಆಗಿರಬಹುದಾದ, ಪಕ್ಕಪಕ್ಕದ ಮ್ಯಾಟ್ರಿಕ್ಸ್ ನಂಬರಿನ ಹಾಡುಗಳನ್ನು ಒಟ್ಟಿಗೆ ಹೋಲಿಸಿ. ಅನುಮಾನ ಉಳಿದರೆ 78ರಲ್ಲೇ ಬಿಡಿ.

ಕರಕರ ಸದ್ದು ತೆಗೆಯಲು ಆಡಾಸಿಟಿ ಅನ್ನುವ ಸಾಫ್ಟ್‌ವೇರ್ ಸಾಕು. ಚಟ್ ಚಟ್ ಅನ್ನುವುದನ್ನು ತೆಗೆಯಿರಿ, ಹಿಂದಿನ ಸೊರಸೊರ ಸದ್ದನ್ನು ಸ್ವಲ್ಪ ಮಾತ್ರ ತಗ್ಗಿಸಿ. ಜಾಸ್ತಿ ಉಜ್ಜಿದರೆ ತಂಬೂರಿಯೇ ಮಾಯ. ಸ್ಟೀರಿಯೋ ಎಫೆಕ್ಟು, ಪ್ರತಿಧ್ವನಿ ಬೇಡವೇ ಬೇಡ.

ಹಾಡುಗಳನ್ನು ರೆಕಾರ್ಡ್ ಆದ ಕ್ರಮದಲ್ಲೇ ಜೋಡಿಸಿ. ರಾಗದ ಪ್ರಕಾರ ಜೋಡಿಸುವುದು ಚೆಂದ ಕಾಣಬಹುದು, ಆದರೆ ದನಿ ಇಳಿಯುತ್ತಾ ಹೋದ ದಾರಿಯೇ ಅದರಲ್ಲಿ ಕಳೆದುಹೋಗುತ್ತದೆ. ಲಘು ಸಂಗೀತ ಅಲ್ವಾ ಅಂತ ಭಾವಗೀತೆಗಳನ್ನು ಕೈಬಿಡಬೇಡಿ. ಕುಂದಗೋಳದಲ್ಲಿ ಗುರು ಸವಾಯಿ ಗಂಧರ್ವರ ಬಳಿ ಗಂಗೂಬಾಯಿ ಪಟ್ಟಾಗಿ ಕೂತು ಕಲಿತದ್ದು ಆ ದಶಕದ ಕೊನೆಯ ಭಾಗದಲ್ಲಿ. ಅದಕ್ಕೂ ಮೊದಲು ಅವರು ಏನು ಹಾಡುತ್ತಿದ್ದರು ಅನ್ನುವುದಕ್ಕೆ ಈ ಮೂರು ಮೂರು ನಿಮಿಷದ ಹಾಡುಗಳೇ ಪುರಾವೆ.

ಹೊರಗೆ ಹಂಚುವ ಯೋಚನೆ ಇದ್ದರೆ ಕಾನೂನು ನೋಡಿಕೊಳ್ಳಿ. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಅಂದರೆ 1930ರ ದಶಕದ ಪ್ಲೇಟುಗಳದ್ದು ಮುಗಿದಿದೆ. ಸಾಹಿತ್ಯ ಮತ್ತು ಸ್ವರ ಸಂಯೋಜನೆಯ ಲೆಕ್ಕ ಬೇರೆ: ಬರೆದವರು ತೀರಿಕೊಂಡ ಮೇಲೆ 60 ವರ್ಷ. ಖಯಾಲಿನ ಹಳೆಯ ಬಂದಿಶ್‌ಗಳಿಗೆ (ರಾಗದಲ್ಲಿ ಕಟ್ಟಿದ ರಚನೆಗಳಿಗೆ) ಸಾಮಾನ್ಯವಾಗಿ ಈ ತೊಡಕು ಇರುವುದಿಲ್ಲ. ಭಾವಗೀತೆಗಳಿಗೆ ಒಂದೊಂದಕ್ಕೂ ಕವಿ ಯಾರು, ರಾಗ ಹಾಕಿದವರು ಯಾರು ಅಂತ ನೋಡಲೇಬೇಕು. ಜೊತೆಗೆ ಕೊಡುವ ಟಿಪ್ಪಣಿಯಲ್ಲಿ ಪ್ಲೇಟಿನ ನಂಬರ್, ಯಾವ ವೇಗದಲ್ಲಿ ನುಡಿಸಿದಿರಿ, ಲೇಬಲ್ ಮೇಲೆ ಹೆಸರು ಹೇಗೆ ಅಚ್ಚಾಗಿತ್ತು ಅನ್ನುವುದನ್ನು ಇದ್ದ ಹಾಗೆ ಹಾಕಿ.