ಹಂಡೆಯ ಕಂಠದಲ್ಲಿದ್ದ ಹೆಸರು

ನಮ್ಮ ಬಾಗಲಕೋಟೆ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಹೆಳವರು ಬರುತ್ತಿದ್ದರು. ಎತ್ತಿನ ಮೇಲೆ ಕೂತು ಬಂದು, ಮನೆತನದ ಹಿರಿಯರ ಹೆಸರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದರು. ಅಪ್ಪ ಜೋಳ ಕೊಡುತ್ತಿದ್ದರು. ಕೆಲವು ವರ್ಷದ ಹಿಂದೆ ಹೆಳವರೊಬ್ಬರು ಮತ್ತೆ ಬಂದಾಗ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ರಾತ್ರಿ ಕೂತು ಬರೆದುಕೊಂಡರೆ ಏಳು ತಲೆಮಾರು ಸಿಕ್ಕಿತು. ಒಂದೂ ಹೆಣ್ಣಿನ ಹೆಸರಿಲ್ಲ!

ಆ ಸಿಟ್ಟಿಗೇ ಓಣಿಯವರನ್ನು ಸೇರಿಸಿ, ಮನೆತನದ ಕಥೆ ಬರೆದಿಡುವ ಸಂಘ ಶುರು ಮಾಡಿದೆ. ಸಂಘ ಅಂದರೆ ಅಧ್ಯಕ್ಷರಿಲ್ಲ, ರಸೀದಿ ಇಲ್ಲ. ತಿಂಗಳಿಗೊಂದು ಭಾನುವಾರ ಚಹಾ, ಚುರುಮುರಿ, ಮಾತು. ಮೊದಲ ಸಲ ‘ವಂಶವೃಕ್ಷ ಬರೆದು ತನ್ನಿ’ ಅಂದೆ. ಬಂದವರು ಮೂವರು. ತಪ್ಪು ನಂದೇ. ನಮ್ಮಲ್ಲಿ ವಂಶವೃಕ್ಷ ಅಂದರೆ ನಾಡಕಚೇರಿ, ವಾರಸಾ, ಪಾಲಿನ ಜಗಳ ಅಲ್ವಾ? ಮುಂದಿನ ತಿಂಗಳು ‘ಒಂದು ಹಳೇ ಪಾತ್ರೆ ತನ್ನಿ’ ಅಂದೆ. ಕೂರಲು ಜಾಗ ಸಾಲಲಿಲ್ಲ.

ಪಾತ್ರೆ ಮೇಲೆ ಚುಕ್ಕಿ ಚುಕ್ಕಿಯಾಗಿ ಹೆಸರು ಹಾಕಿಸುತ್ತಿದ್ದರಲ್ಲ, ಮದುವೆಗೆ, ಕುಬಸಕ್ಕೆ (ಸೀಮಂತಕ್ಕೆ)? ಹೆಂಗಸರೆಲ್ಲ ಅಲ್ಲಿದ್ದರು. ನಮ್ಮ ತಾಮ್ರದ ಹಂಡೆಯ ಕಂಠದಲ್ಲಿದ್ದ ಹೆಸರು ಮಾತ್ರ ನಮಗ್ಯಾರಿಗೂ ಗೊತ್ತಿರಲಿಲ್ಲ. ಸೋದರತ್ತೆಯನ್ನು ಕೇಳಿದೆ. ಅದು ಮುತ್ತಜ್ಜಿಯ ತವರಿನ ಹೆಸರಂತೆ. ಮದುವೆಯಲ್ಲಿ ಬದಲಿಸಿದ್ದರಂತೆ.

ಇಸವಿ ಕೇಳಿದರೆ ಹಿರಿಯರು ಸುಮ್ಮನಾಗುತ್ತಾರೆ. ‘ಪ್ಲೇಗಿಗೆ ಊರು ಬಿಟ್ಟು ಹೊಲದಲ್ಲಿದ್ದರಲ್ಲ, ಅದಕ್ಕೆ ಮುಂಚೆಯೋ ಆಮೇಲೋ?’ ಅಂದರೆ ಮಾತು ಹರಿಯುತ್ತದೆ. ಸಂವತ್ಸರದ ಹೆಸರು ಹೇಳಿದರೆ ಹುಷಾರು. 60 ವರ್ಷಕ್ಕೆ ಅದೇ ಹೆಸರು ತಿರುಗಿ ಬರುತ್ತದೆ. ಮುತ್ತಜ್ಜ ಹುಟ್ಟಿದ್ದು ಧಾತು ಸಂವತ್ಸರದಲ್ಲಿ ಅಂತ ಕೇಳಿ 1936 ಎಂದು ಬರೆದುಬಿಟ್ಟೆ. ಅಪ್ಪ ಮಗನಿಗಿಂತ ಚಿಕ್ಕವನಾದ! ಅದು 1876ರ ಧಾತು, ದೊಡ್ಡ ಬರ ಶುರುವಾದ ವರ್ಷ. ಹಳೇ ಕಾಗದ ಕೆಲವು ಮೋಡಿ ಲಿಪಿಯಲ್ಲಿವೆ, ಅಂದರೆ ಅಕ್ಷರ ಕೂಡಿಸಿ ಬರೆಯುತ್ತಿದ್ದ ಹಳೇ ಬರಹದಲ್ಲಿ. ಅವನ್ನು ಇನ್ನೂ ಮುಟ್ಟಿಲ್ಲ.

ಬರೆಯಲು ನಾವು ಇಟ್ಟುಕೊಂಡ ನಿಯಮ ಒಂದೇ: ಒಂದು ವಸ್ತು, ಒಂದು ಪುಟ. ಬರೆದದ್ದನ್ನು ಮನೆಯ ಹಿರಿಯರಿಗೆ ಓದಿ ಹೇಳಬೇಕು. ನಾನು ‘ತವರಿನವರು ಪ್ರೀತಿಯಿಂದ ಕೊಟ್ಟ ಹಂಡೆ’ ಎಂದು ಚೆಂದವಾಗಿ ಬರೆದಿದ್ದೆ. ಸೋದರತ್ತೆ ಅಲ್ಲೇ ತಡೆದರು.

‘ಯಾರು ಕೊಟ್ಟರು? ಅಕಿ ಎಮ್ಮಿ ಕಟ್ಟಿ, ಬೆಣ್ಣಿ ಮಾರಿ ತಾನೇ ತಗೊಂಡಿದ್ದು. ಅದಕ್ಕ ತನ್ನ ಹೆಸರು ಹಾಕಿಸಿದ್ಲು, ಇಲ್ಲಿಯವರು ಇಟ್ಟಿದ್ದಲ್ಲ.’