ಏಣಿಯ ನಡುವಿನ ಮೆಟ್ಟಿಲು

ದೂರದ ಭವಿಷ್ಯದಲ್ಲಿ ಮನುಷ್ಯಕುಲ ಎರಡು ಕವಲಾಗಿದೆ. ಅವನು ಒಂದು ಕವಲಿನವನು, ಅವಳು ಇನ್ನೊಂದು ಕವಲಿನವಳು. ಕೈಗೂಡದ ಪ್ರೀತಿ. ಒಂದು ತಿಂಗಳಲ್ಲಿ ಮುಗಿಸ್ತೀನಿ ಅಂದುಕೊಂಡಿದ್ದ ಕಥೆ ಒಂದೂವರೆ ವರ್ಷ ತಿಂದಿತು.

ಮೊದಲ ಕರಡಿನಲ್ಲಿ ಕವಲೊಡೆದು 50 ಲಕ್ಷ ವರ್ಷ ಆಗಿತ್ತು. ಚಿಂಪಾಂಜಿಗೂ ನಮಗೂ ಹಾದಿ ಬೇರೆಯಾಗಿ ಹೆಚ್ಚುಕಮ್ಮಿ 60-70 ಲಕ್ಷ ವರ್ಷ! ಓದಿದ ಗೆಳತಿ, "ಇಬ್ಬರೂ ಒಬ್ಬರನ್ನೊಬ್ಬರು ಝೂನಲ್ಲಿ ನೋಡ್ತಿರೋ ಹಾಗಿದೆ" ಅಂದಳು. ಸರಿ, 50,000ಕ್ಕೆ ಇಳಿಸಿದೆ. ಅಡ್ಡಿ ಏನು? ಮಗು ಆಗಲ್ಲ, ಅಷ್ಟೇ.

ಆಗ ಸೈಬೀರಿಯಾದ ಡೆನಿಸೋವಾ ಗುಹೆಯ ಹುಡುಗಿಯ ಬಗ್ಗೆ ಓದಿದೆ. ಸಿಕ್ಕಿದ್ದು ಸುಮಾರು 90,000 ವರ್ಷ ಹಳೆಯ ಮೂಳೆ ಚೂರು. 2018ರಲ್ಲಿ ಪ್ರಕಟವಾದ ಡಿಎನ್ಎ ಪರೀಕ್ಷೆಯ ಪ್ರಕಾರ ಅಮ್ಮ ನಿಯಾಂಡರ್ತಾಲ್, ಅಪ್ಪ ಡೆನಿಸೋವನ್. ಎರಡೂ ಈಗ ಅಳಿದುಹೋದ ಬೇರೆ ಬೇರೆ ಮಾನವ ಕುಲಗಳು. ಲಕ್ಷಾಂತರ ವರ್ಷ ಬೇರೆ ಬೇರೆ ಇದ್ದವರಿಗೇ ಮಗು ಆಗಿದೆ. ನನ್ನ ಕಥೆ ಅಲ್ಲೇ ಮಗುಚಿಬಿತ್ತು.

ಮನೆಯವರ ವಿರೋಧ, ಯುದ್ಧ ಎಲ್ಲ ಹಾಕಿ ನೋಡಿದೆ. ಅದಕ್ಕೆ ಭವಿಷ್ಯದವರೆಗೆ ಯಾಕೆ ಹೋಗಬೇಕು, ಅಲ್ವಾ?

ದಾರಿ ತೋರಿಸಿದ್ದು ತೂಕ. ತಿರುಗುವ ದೊಡ್ಡ ಚಕ್ರದಂಥ ಬಾಹ್ಯಾಕಾಶ ನಿಲ್ದಾಣ. ಕೇಂದ್ರದಿಂದ ಅಂಚಿಗೆ 224 ಮೀಟರ್. ನಿಮಿಷಕ್ಕೆ ಎರಡು ಸುತ್ತು ತಿರುಗಿದರೆ ಅಂಚಿನಲ್ಲಿ ಭೂಮಿಯಷ್ಟೇ ತೂಕ, ಅರ್ಧ ದಾರಿಯಲ್ಲಿ ಅರ್ಧ, ಕೇಂದ್ರದಲ್ಲಿ ಏನೂ ಇಲ್ಲ. ಅವನು ಅಂಚಿನವನು. ಅವಳ ಕುಲ ಸಾವಿರಾರು ತಲೆಮಾರು ತೂಕವನ್ನೇ ಕಂಡಿಲ್ಲ. ನಡುವೆ ಒಂದು ಏಣಿ, ಬುಡ ಅಂಚಿನಲ್ಲಿ, ತುದಿ ಕೇಂದ್ರದಲ್ಲಿ. ಅರ್ಧ ದಾರಿಯ ಮೆಟ್ಟಿಲಲ್ಲಿ ಭೇಟಿ. ಅಲ್ಲಿಂದ ಕೆಳಗಿಳಿದರೆ ಅವಳ ಎದೆ ತಡೆಯಲ್ಲ. ಅವನೇ ಮೇಲೆ ಉಳಿದರೆ? ತೂಕವಿಲ್ಲದ ಕಡೆ ಗಗನಯಾತ್ರಿಗಳಿಗೆ ಸೊಂಟದಂಥ ಕಡೆ ಮೂಳೆ ತಿಂಗಳಿಗೆ ಸುಮಾರು ಶೇಕಡಾ 1ರಷ್ಟು ಸವೆಯುತ್ತದೆ. ಉಳಿಯಬಹುದು, ಆದರೆ ಮರಳಿ ಮನೆಗೆ ಇಳಿಯೋ ಆಸೆ ಬಿಡಬೇಕು. ಖಳನಾಯಕನನ್ನು ಸುಮ್ನೆ ಕಿತ್ತು ಹಾಕಿದೆ.

ಕೊನೆಯ ದೃಶ್ಯಕ್ಕೇ ಜಾಸ್ತಿ ಒದ್ದಾಡಿದೆ. ಅರ್ಧ ದಾರಿಯಿಂದ ಅವಳು ಉಂಗುರ ಬಿಡುತ್ತಾಳೆ, ಏಣಿಯ ಬುಡದಲ್ಲಿ ಅವನು ಹಿಡಿಯುತ್ತಾನೆ ಅಂತ ಬರೆದಿದ್ದೆ. ಗೆಳತಿ ತಪ್ಪು ಹಿಡಿದಳು: ತಿರುಗುವ ನಿಲ್ದಾಣದಲ್ಲಿ ಏನೂ ನೆಟ್ಟಗೆ ಬೀಳಲ್ಲ. ಕಾಗದದ ಮೇಲೆ ಲೆಕ್ಕ ಹಾಕಿದೆ. ಗಾಳಿಯ ತಡೆ ಬಿಟ್ಟರೆ, ಎಂಟು ಸೆಕೆಂಡು ಚಿಲ್ಲರೆಯಲ್ಲಿ ಉಂಗುರ ಬುಡದಿಂದ ಸುಮಾರು 150 ಮೀಟರ್ ಆಚೆ ಬೀಳುತ್ತದೆ.

ಬರೆದಿದ್ದ ವಿದಾಯದ ಮಾತೆಲ್ಲ ಅಳಿಸಿದೆ. ಈಗ ಅವನು ಕೈಚಾಚಿ ನಿಂತಿದ್ದಾನೆ, ಉಂಗುರ ಇನ್ನೆಲ್ಲೋ ಠಣ್ ಅನ್ನುತ್ತದೆ, ಅವನು ಆ ಸದ್ದಿನ ಕಡೆ ಓಡುತ್ತಾನೆ.